ಸೊಪ್ಪು ಬಸಿದ ನೀರು

ಮಾರ್ಚ್ ೯, ಭಾನುವಾರ

ಅಣ್ಣನ ಕ್ರಿಯಾಟಿನಿನ್ ೫.೪. ಹೋದ ತಿಂಗಳು ೪.೯ ಇತ್ತು. ಕಿಡ್ನಿ ಸೋತಷ್ಟೂ ರಕ್ತದಲ್ಲಿ ಇದು ಏರುತ್ತದೆ. ಈ ಎರಡು ಅಂಕಿ ಬರೆದಿಡಲೆಂದೇ ಇವತ್ತು ಈ ಡೈರಿ ತೆಗೆದೆ. ಹೊಸ ವರ್ಷಕ್ಕೆ ಕಾಲೇಜಿನಲ್ಲಿ ಕೊಟ್ಟದ್ದು, ಎರಡು ತಿಂಗಳಿಂದ ಖಾಲಿ ಬಿದ್ದಿತ್ತು.

ನಿನ್ನೆ ಡಾಕ್ಟರು ಅಣ್ಣ, ಅತ್ತಿಗೆ, ನಾನು ಮೂವರನ್ನೂ ಕೂರಿಸಿಕೊಂಡು ನಿಧಾನವಾಗಿ ಹೇಳಿದರು. ಎರಡೂ ಕಿಡ್ನಿ ಸೇರಿ ನೂರಕ್ಕೆ ಹನ್ನೊಂದು ಪಾಲು ಕೆಲಸ ಮಾಡುತ್ತಿವೆ. ಬೆನ್ನುನೋವಿಗೆಂದು ವರ್ಷಗಟ್ಟಲೆ ನುಂಗಿದ ಮಾತ್ರೆ, ಅದರ ಮೇಲೆ ಬಿ.ಪಿ. ಆರು ತಿಂಗಳೋ ಒಂದು ವರ್ಷವೋ, ಡಯಾಲಿಸಿಸ್ ಬೇಕಾಗುತ್ತದೆ. ಅದಕ್ಕೆ ಈಗಲೇ ಎಡಗೈಯಲ್ಲಿ ಫಿಸ್ಟುಲಾ ಮಾಡಿಸಿಟ್ಟುಕೊಳ್ಳಿ ಎಂದರು. ಮಣಿಕಟ್ಟಿನ ಹತ್ತಿರ ಎರಡು ರಕ್ತನಾಳಗಳನ್ನು ಸೇರಿಸಿ ಹೊಲಿಯುತ್ತಾರೆ. ರಕ್ತ ಜೋರಾಗಿ ನುಗ್ಗಿ ಒಂದು ನಾಳ ದಪ್ಪವಾಗುತ್ತದೆ. ಮುಂದೆ ಸೂಜಿ ಹಾಕಲು ಅದೇ ದಾರಿ. ಆ ದಾರಿ ತಯಾರಾಗಲು ಎರಡು ತಿಂಗಳು ಬೇಕು.

"ಆ ಕೈಯಲ್ಲಿ ಭಾರ ಎತ್ತಬಾರದು" ಎಂದೂ ಹೇಳಿದರು.

ಅಣ್ಣ ತನ್ನ ಎಡಗೈಯನ್ನು ತಿರುಗಿಸಿ ನೋಡಿಕೊಂಡ. ಭದ್ರಾವತಿಯ ಜನ್ನಾಪುರದಲ್ಲಿ ಅವನದು ಲೇತ್ ವರ್ಕ್‌ಶಾಪ್, ಮೂವತ್ತೈದು ವರ್ಷದಿಂದ. "ಕಬ್ಬಿಣ ಹಿಡಿಯೋ ಚಕ್ ಬಿಚ್ಚೋದು ಎಡಗೈಯಲ್ಲೇ ಸಾರ್. ಹದಿನೆಂಟು ಕೆ.ಜಿ. ಇದೆ."

"ಬೇರೆಯವರು ಎತ್ತಲಿ."

ಬೇರೆಯವರು ಎಂದರೆ ಅಣ್ಣನ ಜೊತೆ ಕೆಲಸ ಮಾಡುವ ಕರಿಯಣ್ಣ ಒಬ್ಬನೇ. ಅವನಿಗೂ ಅರವತ್ತು ದಾಟಿದೆ. ಬಸ್‌ಸ್ಟ್ಯಾಂಡಿನಲ್ಲಿ ಅಣ್ಣ ನನಗೆ ಮಾತ್ರ ಕೇಳುವ ಹಾಗೆ, "ಕೈ ಕೊಟ್ಟು ಕಿಡ್ನಿ ಉಳಿಸ್ಕೋಬೇಕಾ ದಾಕ್ಷಿ? ಅದೂ ಉಳಿಯಲ್ವಂತೆ" ಅಂದ.

ನನ್ನದೊಂದು ಕಿಡ್ನಿ ಕೊಡುತ್ತೇನೆಂದು ಹೋದ ವರ್ಷವೇ ಹೋಗಿದ್ದೆ. ನನಗೆ ಸಕ್ಕರೆ ಕಾಯಿಲೆ ಇರುವುದು ಗೊತ್ತಾದದ್ದೇ ಆಗ. ಅತ್ತಿಗೆಯ ರಕ್ತದ ಗುಂಪು ಸೇರುವುದಿಲ್ಲ. ಅವರಿಗೆ ಮಕ್ಕಳಿಲ್ಲ.

ಮಾರ್ಚ್ ೧೩, ಗುರುವಾರ

ಮೂರು ದಿನದಿಂದ ಕಾಲೇಜು ಮುಗಿದ ಮೇಲೆ ಲ್ಯಾಬಿನಲ್ಲೇ ಕೂತು ಓದುತ್ತಿದ್ದೇನೆ. ಎಂ.ಎಸ್ಸಿ. ಮುಗಿಸಿ ಇಪ್ಪತ್ತೈದು ವರ್ಷವಾಯಿತು. ಪಿ.ಯು. ಮಕ್ಕಳಿಗೆ ಅದೇ ಪಾಠ ಮಾಡಿ ಮಾಡಿ ಬಯೋಕೆಮಿಸ್ಟ್ರಿ ಮರೆತೇಹೋಗಿದೆ ಅಂದುಕೊಂಡಿದ್ದೆ. ಮರೆತಿಲ್ಲ.

ಓದಿದ್ದು ಇಷ್ಟು. ನಾವು ತಿನ್ನುವ ನಾರನ್ನು ನಾವು ಜೀರ್ಣಿಸಿಕೊಳ್ಳಲಾರೆವು. ಅದು ಕೆಳಗಿಳಿದು ದೊಡ್ಡ ಕರುಳು ಸೇರುತ್ತದೆ. ಅಲ್ಲಿರುವ ಕೋಟಿ ಕೋಟಿ ಬ್ಯಾಕ್ಟೀರಿಯಾಗಳು ಅದನ್ನು ತಿಂದು ಸಣ್ಣ ಸರಪಳಿಯ ಕೊಬ್ಬಿನಾಮ್ಲಗಳನ್ನು ಮಾಡುತ್ತವೆ. ಅಸಿಟೇಟ್, ಪ್ರೊಪಿಯೊನೇಟ್, ಬ್ಯುಟಿರೇಟ್. ಬ್ಯುಟಿರೇಟ್ ಕರುಳಿನ ಗೋಡೆಗೆ ಆಹಾರ. ಗೋಡೆಯನ್ನು ಸೋರದ ಹಾಗೆ ಕಾಯುತ್ತದೆ. ಅಷ್ಟೇ ಅಲ್ಲ, ರೋಗನಿರೋಧಕ ಜೀವಕೋಶಗಳಲ್ಲಿ ಮಿಕ್ಕವನ್ನು ಸಮಾಧಾನ ಮಾಡುವ ಒಂದು ಬಗೆಯಿದೆ, ಅದನ್ನು ಹೆಚ್ಚಿಸುತ್ತದೆ. ಕಿಡ್ನಿ ಕೆಟ್ಟವರಲ್ಲಿ ಯೂರಿಯಾ ಕರುಳಿಗೂ ಇಳಿದು ಈ ಒಳ್ಳೆಯ ಬ್ಯಾಕ್ಟೀರಿಯಾ ಕಡಿಮೆಯಾಗುತ್ತವೆ. ಸೊಪ್ಪು, ಕಾಳು, ಹಣ್ಣು ಬೇಡ ಎನ್ನುವ ಪಥ್ಯದಿಂದ ಉಳಿದವೂ ಉಪವಾಸ ಬೀಳುತ್ತವೆ. ಗೋಡೆ ಸೋರುತ್ತದೆ, ವಿಷ ರಕ್ತಕ್ಕೆ ಬರುತ್ತದೆ, ಮೈಯೆಲ್ಲ ಸಣ್ಣಗೆ ಸದಾ ಉರಿಯುತ್ತಿರುತ್ತದೆ, ಆ ಉರಿ ಕಿಡ್ನಿಯನ್ನು ಇನ್ನಷ್ಟು ಸುಡುತ್ತದೆ.

ಈ ವಾಕ್ಯಕ್ಕೆ ಗೆರೆ ಎಳೆದಿದ್ದೇನೆ: ಬ್ಯುಟಿರೇಟ್ ಹೆಚ್ಚಾದಾಗ ಕಿಡ್ನಿಯ ಹಾನಿ ನಿಧಾನವಾಯಿತು.

ಅಣ್ಣನ ತಟ್ಟೆಯಲ್ಲಿ ಎರಡು ವರ್ಷದಿಂದ ಬರೀ ಬಿಳಿ ಅನ್ನ, ತಿಳಿ ಮಜ್ಜಿಗೆ, ಸೋರೆಕಾಯಿ. ಒಳಗಿನವರನ್ನೆಲ್ಲ ನಾವೇ ಹಸಿವಿನಿಂದ ಸಾಯಿಸಿದ್ದೇವೆ.

ಕವಿತೆಯೂ ನಾರೇ ಇರಬೇಕು. ಓದಿದವರಿಗೆ ಅರಗುವುದಿಲ್ಲ, ಒಳಗೆ ಇನ್ಯಾರೋ ತಿಂದು ನಮ್ಮನ್ನು ಸುಮ್ಮನಿರಿಸುತ್ತಾರೆ. ಎರಡು ವಾರದಿಂದ ಮೇಜಿನ ಮೇಲಿನ ಕವಿತೆಯ ಪುಸ್ತಕ ತೆರೆದಿಲ್ಲ. ಇವತ್ತು ತೆರೆದೆ.

ಮಾರ್ಚ್ ೧೬, ಭಾನುವಾರ

ಶಿವಮೊಗ್ಗದಿಂದ ಬೆಳಗಿನ ಬಸ್ಸಿಗೆ ಭದ್ರಾವತಿಗೆ ಹೋಗಿದ್ದೆ. ಪ್ರಿಂಟ್ ತೆಗೆದ ಹಾಳೆಗಳನ್ನು ನಡುಮನೆಯಲ್ಲಿ ಹರಡಿಕೊಂಡು ಅಣ್ಣನಿಗೆ ಒಂದು ಗಂಟೆ ವಿವರಿಸಿದೆ. ಅವನು ಚಿಕ್ಕಂದಿನಿಂದಲೂ ಹಾಗೆ, ಯಂತ್ರದ ವಿಷಯವಾದರೆ ಕೂತು ಕೇಳುತ್ತಾನೆ.

"ಯಾರಿಗೆ ಕೊಟ್ಟು ನೋಡಿದ್ರಂತೆ ಇದನ್ನ?"

"ಇಲಿಗಳಿಗೆ. ಕೆಲವು ಕಡೆ ಮನುಷ್ಯರಿಗೂ ಕೊಟ್ಟಿದಾರೆ, ಸ್ವಲ್ಪ ಜನಕ್ಕೆ."

"ಇಲಿ ಲೇತ್ ಓಡಿಸ್ತಿತ್ತಾ?"

"ತಮಾಷೆ ಬೇಡ ಅಣ್ಣ."

"ತಮಾಷೆ ಅಲ್ಲ ಮಾರಾಯ್ತಿ. ಅದರ ಎಡಗೈ ಉಳೀತಾ ಅಂತ ಕೇಳಿದೆ."

ಮೂರು ತಿಂಗಳು ನೋಡೋಣ ಅಂದೆ. ಕ್ರಿಯಾಟಿನಿನ್ ಏರುವುದು ನಿಂತರೆ ಫಿಸ್ಟುಲಾಕ್ಕೆ ಅವಸರವಿಲ್ಲ. ಅವನ ಮುಖ ಅರಳಿದ್ದನ್ನು ಎಷ್ಟು ತಿಂಗಳ ಮೇಲೆ ನೋಡಿದೆನೋ. ಬಾಗಿಲಿಗೆ ಬಂದ ಕರಿಯಣ್ಣನಿಗೆ "ಕೈ ಕುಯ್ಸಲ್ಲ ಕಣೋ, ನಮ್ ದಾಕ್ಷಿ ದಾರಿ ಹುಡುಕಿದಾಳೆ" ಅಂದ.

ಅತ್ತಿಗೆ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು ಎಲ್ಲ ಕೇಳಿಸಿಕೊಳ್ಳುತ್ತಿದ್ದರು. ಸೊಪ್ಪು, ತರಕಾರಿ, ಕಾಳನ್ನು ಸಣ್ಣಗೆ ಹೆಚ್ಚಿ, ಜಾಸ್ತಿ ನೀರಲ್ಲಿ ಬೇಯಿಸಿ, ನೀರು ಬಸಿದು, ಆಮೇಲೆ ಒಗ್ಗರಣೆ ಹಾಕಿ ಕೊಡಬೇಕು ಎಂದು ಅವರಿಗೆ ಹೇಳಿದೆ.

"ಯಾಕೆ ಬಸೀಬೇಕು?" ಎಂದರು.

"ಅದು ದೊಡ್ಡ ಕೆಮಿಸ್ಟ್ರಿ ಅತ್ತಿಗೆ. ನೀವು ಬಸಿದ್ರೆ ಸಾಕು."

ಶಂಕರಮ್ಮತ್ತಿಗೆ ಪಾಪ, ಹೇಳಿದ್ದನ್ನು ತಪ್ಪದೆ ಮಾಡುತ್ತಾರೆ. ಎಸ್ಸೆಸ್ಸೆಲ್ಸಿ ಓದಿದವರಿಗೆ ಇದನ್ನೆಲ್ಲ ಹೇಳಿ ಗಾಬರಿ ಮಾಡುವುದು ಬೇಡ.

ಮಾರ್ಚ್ ೨೨, ಶನಿವಾರ

ಡಾಕ್ಟರ ಹತ್ತಿರ ಹೋಗಿದ್ದೆವು. ನನ್ನ ಹಾಳೆಗಳನ್ನು ತಿರುವಿ ನೋಡಿದರು.

"ನೀವು ಹೇಳೋದು ತಪ್ಪಲ್ಲ ಮೇಡಂ. ಆದ್ರೆ ಇದು ನಿಧಾನದ ವಿಷಯ. ಪೊಟ್ಯಾಶಿಯಂ ಅವಸರದ ವಿಷಯ."

ತರಕಾರಿ ಸ್ವಲ್ಪ ಜಾಸ್ತಿ, ವಾರಕ್ಕೆ ಮೂರು ದಿನ ಒಂದು ಹಿಡಿ ಕಾಳು, ಎಲ್ಲ ಬೇಯಿಸಿ ಬಸಿದು. ಅಷ್ಟಕ್ಕೆ ಒಪ್ಪಿದರು. ಫಿಸ್ಟುಲಾ ಮಾತ್ರ ಮುಂದಕ್ಕೆ ಹಾಕಬೇಡಿ ಎಂದರು. ಮೂರು ತಿಂಗಳು ಎಂದೆ. ಅವರು ಅಣ್ಣನ ಮುಖ ನೋಡಿದರು. ಅಣ್ಣ ನನ್ನ ಮುಖ ನೋಡಿದ. ಅವರು ಏನನ್ನೋ ಬರೆದುಕೊಂಡರು.

ಏಪ್ರಿಲ್ ೬, ಭಾನುವಾರ

ಒಳ್ಳೆಯ ದಿನ.

ಹೋಗುವಷ್ಟರಲ್ಲಿ ಅಣ್ಣ ವರ್ಕ್‌ಶಾಪಿನಿಂದ ಬಂದು ಕೈ ತೊಳೆಯುತ್ತಿದ್ದ. ಹೊಟ್ಟೆ ಹಗುರವಾಗಿದೆ, ಬೆಳಿಗ್ಗೆ ಸಲೀಸಾಗಿ ಹೋಗುತ್ತದೆ, ಬಾಯಿಗೆ ರುಚಿ ಬಂದಿದೆ ಎಂದ. ನಾರು ಕೆಲಸ ಮಾಡುತ್ತಿದೆ.

ಅತ್ತಿಗೆ ದಂಟಿನ ಸೊಪ್ಪು, ಹೆಸರುಕಾಳು ಹಾಕಿ ಪಲ್ಯ ಮಾಡಿದ್ದರು. ನಾನು ಹೇಳಿದ ಹಾಗೇ ಹೆಚ್ಚಿ, ಬೇಯಿಸಿ, ಬಸಿದದ್ದು. ತಪ್ಪಲೆಯ ಮೇಲೆ ತಟ್ಟೆ ಮುಚ್ಚಿ ಕೊನೆಯ ಹನಿಯವರೆಗೂ ಬಸಿಯುವುದನ್ನು ನಾನೇ ನಿಂತು ನೋಡಿದೆ. ಅಣ್ಣನಿಗೆ ಅನ್ನ, ನಮಗಿಬ್ಬರಿಗೆ ಮುದ್ದೆ. ಅವರ ಬಸ್ಸಾರಿಗೆ ಭದ್ರಾವತಿಯಲ್ಲೇ ಎದುರಿಲ್ಲ. ಬೆಳ್ಳುಳ್ಳಿ, ಜೀರಿಗೆ, ಕೊಬ್ಬರಿ ಹುರಿದು ರುಬ್ಬಿ ಹಾಕಿದ ಘಮ ಬೀದಿಗೇ ಬರುತ್ತಿತ್ತು. ನಾನು ಎರಡು ಸಲ ಹಾಕಿಸಿಕೊಂಡೆ. ಅಣ್ಣ ಬಟ್ಟಲೆತ್ತಿ ಕುಡಿದ. ಎರಡು ವರ್ಷದ ಮೇಲೆ ಊಟ ಮಾಡಿದ ಹಾಗೆ ಆಯ್ತು ಅಂದ.

ವಾಪಸ್ ಬರುವಾಗ ಬಸ್ಸಿನ ಕಿಟಕಿ ಪಕ್ಕ ಕೂತು ಒಂದು ಇಡೀ ಕವಿತೆ ಓದಿದೆ. ಅರ್ಥವೂ ಆಯಿತು.

ಏಪ್ರಿಲ್ ೧೯, ಶನಿವಾರ

ಕ್ರಿಯಾಟಿನಿನ್ ೫.೩!

ಇಳಿದಿದೆ. ಒಂದು ಬಿಂದುವಾದರೂ ಇಳಿದಿದೆ. ಪೊಟ್ಯಾಶಿಯಂ ೫.೬ ಬಂದಿದೆ, ಹೋದ ಸಲ ೫.೧ ಇತ್ತು, ಐದರೊಳಗಿರಬೇಕು. ರಕ್ತ ತೆಗೆಯುವಾಗ ಕಣಗಳು ಒಡೆದರೂ ಹೀಗೆ ಹೆಚ್ಚು ತೋರಿಸುತ್ತದೆ. ಆ ಲ್ಯಾಬಿನ ಹುಡುಗಿಗೆ ಎರಡು ಸಲ ಚುಚ್ಚಬೇಕಾಯಿತಂತೆ. ಅದೇ ಇರಬೇಕು.

ಮೇ ೧೧, ಭಾನುವಾರ

ಬಿಸಿಲು. ಅಣ್ಣನಿಗೆ ಕಾಲಲ್ಲಿ ಬಲವಿಲ್ಲವಂತೆ, ಮೆಟ್ಟಿಲು ಹತ್ತುವಾಗ ಕಂಬಿ ಹಿಡಿಯುತ್ತಾನೆ. ಈ ಸೆಕೆಯಲ್ಲಿ ತಗಡಿನ ಶೆಡ್ಡಿನೊಳಗೆ ನಿಂತರೆ ಯಾರಿಗಾದರೂ ಹಾಗೇ.

ಹೊರಡುವಾಗ ಅತ್ತಿಗೆ ಗೇಟಿನವರೆಗೆ ಬಂದರು. "ಸೊಪ್ಪು ಜಾಸ್ತಿ ಆಯ್ತೇನೋ ಅನ್ಸುತ್ತೆ. ಕಮ್ಮಿ ಮಾಡ್ಲಾ?"

"ಬೇಡ ಅತ್ತಿಗೆ. ಬಸೀತಿದೀರಲ್ಲ?"

"ದಿನಾ ಬಸೀತೀನಿ."

"ಹಾಗಾದ್ರೆ ಇನ್ನೂ ಸ್ವಲ್ಪ ಜಾಸ್ತಿನೇ ಮಾಡಿ."

ಮೇ ೨೦, ಮಂಗಳವಾರ

ಹನ್ನೊಂದು ಗಂಟೆಗೆ ಕರಿಯಣ್ಣನ ಫೋನು. ಲೇತ್ ಮುಂದೆ ನಿಂತಿದ್ದ ಅಣ್ಣ ಹಾಗೇ ಕುಸಿದ. ಪುಣ್ಯಕ್ಕೆ ಹಿಂದಕ್ಕೆ ಬಿದ್ದ. ಆಂಬ್ಯುಲೆನ್ಸಿನಲ್ಲಿ ಶಿವಮೊಗ್ಗಕ್ಕೆ ತಂದರು. ನಾನು ಕ್ಲಾಸು ಬಿಟ್ಟು ಓಡಿದೆ.

ಪೊಟ್ಯಾಶಿಯಂ ೭.೨. ಇನ್ನರ್ಧ ಗಂಟೆ ತಡವಾಗಿದ್ದರೆ ಹೃದಯ ನಿಲ್ಲುತ್ತಿತ್ತು ಎಂದರು. ಕೈಯಲ್ಲಿ ದಾರಿ ಇಲ್ಲವಲ್ಲ, ಕುತ್ತಿಗೆಗೆ ಕೊಳವೆ ಹಾಕಿದರು. ಡಯಾಲಿಸಿಸ್ ನಡೆಯುತ್ತಿದೆ.

ಇದಕ್ಕಿಂತ ಹೆಚ್ಚು ಬರೆಯಲಾರೆ.

ಮೇ ೨೨, ಗುರುವಾರ

ವಾರ್ಡಿಗೆ ಡಯಟಿಷಿಯನ್ ಬಂದಿದ್ದಳು. ಮೇಧಾ ಎಂದು ಹೆಸರು, ನನ್ನ ವಿದ್ಯಾರ್ಥಿನಿಯರಷ್ಟೇ ವಯಸ್ಸು. ಅತ್ತಿಗೆಯ ಪಕ್ಕ ಸ್ಟೂಲ್ ಎಳೆದುಕೊಂಡು ಕೂತು, ಬೆಳಿಗ್ಗೆ ಎದ್ದಾಗಿನಿಂದ ಏನೇನು ಕೊಡುತ್ತಿದ್ದಿರಿ ಎಂದು ಕೇಳುತ್ತಾ ಬಂದಳು. ನಾನು ಮಧ್ಯೆ ಬಾಯಿ ಹಾಕಿ, ಎಲ್ಲ ಬೇಯಿಸಿ ಬಸಿದೇ ಕೊಟ್ಟಿದ್ದೇವೆ ಎಂದೆ. ಅವಳು ನನ್ನ ಕಡೆ ತಿರುಗಲೇ ಇಲ್ಲ.

"ಬಸಿದ ನೀರು ಏನ್ ಮಾಡ್ತಿದ್ರಿ ಆಂಟಿ?"

"ಸಾರು ಮಾಡ್ತಿದ್ದೆ."

"ಯಾರಿಗೆ?"

"ಎಲ್ರಿಗೂ. ಇವ್ರಿಗೂ. ಇವ್ರಿಗೆ ಬಸ್ಸಾರು ಅಂದ್ರೆ ಜೀವ." ಹೇಳುತ್ತಾ ಹೇಳುತ್ತಾ ಅತ್ತಿಗೆಯ ದನಿ ಸಣ್ಣದಾಯಿತು. "ಬಸಿದ ಕಟ್ಟು ಯಾರು ಚೆಲ್ತಾರಮ್ಮ? ಸತ್ತ್ವ ಎಲ್ಲ ಅದರಲ್ಲೇ ಅಲ್ವಾ ಇರೋದು?"

"ಹೌದು ಆಂಟಿ" ಎಂದಳು ಆ ಹುಡುಗಿ. "ಅದರಲ್ಲೇ ಇರೋದು."

ಪೊಟ್ಯಾಶಿಯಂ ನೀರಿಗಿಳಿಯಲಿ ಎಂದೇ ಬಸಿಯುವುದು. ಇಳಿದದ್ದನ್ನೆಲ್ಲ ಬಟ್ಟಲಿನಲ್ಲಿ ಕುಡಿಸಿದ್ದೇವೆ, ಎರಡು ತಿಂಗಳು.

ಇವತ್ತು ಹಿಂದಿನ ಪುಟ ತಿರುವಿದೆ. ಏಪ್ರಿಲ್ ಆರು. ನಾನೇ ನಿಂತು ನೋಡಿದ್ದೆ. ನಾನೇ ಎರಡು ಸಲ ಹಾಕಿಸಿಕೊಂಡಿದ್ದೆ. ಕಟ್ಟು ಎಲ್ಲಿಗೆ ಹೋಯಿತು ಎಂದು ಕೇಳಿಕೊಳ್ಳಲಿಲ್ಲ, ಏಕೆಂದರೆ ಈ ಸೀಮೆಯಲ್ಲಿ ಹುಟ್ಟಿದ ಯಾರೂ ಅದನ್ನು ಕೇಳುವುದಿಲ್ಲ. ಬಸಿದರೆ ಬಸ್ಸಾರು. ಆ ಬಟ್ಟಲು ನನ್ನ ಮುಂದಿದ್ದಾಗ ನನ್ನ ಎಂ.ಎಸ್ಸಿ. ಎಲ್ಲಿತ್ತು?

ಮೇ ೨೫, ಭಾನುವಾರ

ಸೋದರಮಾವ ಗಂಗಾಧರಪ್ಪನವರು ನೋಡಲು ಬಂದರು. ಹಣ್ಣಿನ ಚೀಲ ಮೇಜಿನ ಮೇಲಿಟ್ಟು, ಅದನ್ನೂ ಕೊಡುವ ಹಾಗಿಲ್ಲ ಎಂದು ತಿಳಿದ ಮೇಲೆ, ಅತ್ತಿಗೆಯ ಕಡೆ ತಿರುಗಿದರು.

"ಡಾಕ್ಟರು ಅಷ್ಟು ಬಡ್ಕೊಂಡ್ರೂ ಸೊಪ್ಪಿನ ನೀರು ಕುಡಿಸಿದೆಯಂತಲ್ಲಮ್ಮ. ಕೈಯಾರೆ ಮಾಡಿದ್ದು ನೋಡು. ಮನೆಯಲ್ಲಿ ಓದಿದ ಹೆಣ್ಣುಮಗಳಿದ್ಲು, ಒಂದು ಮಾತು ಕೇಳ್ಬಾರ್ದಾ?"

ಅತ್ತಿಗೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ನಿಂತಿದ್ದರು. ಅಣ್ಣನಿಗೆ ನಿದ್ದೆ ಹತ್ತಿತ್ತು.

ಆಸ್ಪತ್ರೆ ವಾದ ಮಾಡುವ ಜಾಗವಲ್ಲ. ಮಾವನಿಗೂ ಬಿ.ಪಿ. ಇದೆ. ಆಮೇಲೆ ನಿಧಾನವಾಗಿ ಹೇಳಿದರಾಯಿತು. ನಾನು ಕಿಟಕಿಯಾಚೆ ನೋಡುತ್ತಾ ನಿಂತೆ.

ಜೂನ್ ೧, ಭಾನುವಾರ

ಡಯಾಲಿಸಿಸ್ ನಡುವೆ ಚಳಿ ಬಂತು. ಹಲ್ಲು ಕಟಕಟ ಎನ್ನುವಷ್ಟು. ಮೂರು ಹೊದಿಕೆ ಹೊದಿಸಿದರೂ ನಿಲ್ಲಲಿಲ್ಲ. ಕುತ್ತಿಗೆಯ ಕೊಳವೆಗೆ ಸೋಂಕು, ರಕ್ತಕ್ಕೆ ಇಳಿದಿದೆ.

ಈ ಕಾಯಿಲೆಯವರಲ್ಲಿ ರೋಗನಿರೋಧಕ ಶಕ್ತಿ ಎಂಬುದು ಸದಾ ಸಿಡುಕುವ ಮನುಷ್ಯನ ಹಾಗೆ ಎಂದು ಅವತ್ತು ಓದಿದಾಗ ಅನ್ನಿಸಿತ್ತು. ಕಾರಣವಿಲ್ಲದೆ ದಿನವಿಡೀ ಕಿಡಿಕಿಡಿ, ನಿಜವಾಗಿ ಎದ್ದು ನಿಲ್ಲಬೇಕಾದಾಗ ಕೈಕಾಲಲ್ಲಿ ಬಲವಿಲ್ಲ. ಓದಲು ಚೆನ್ನಾಗಿತ್ತು.

ಮಾರ್ಚಿನಲ್ಲಿ ಫಿಸ್ಟುಲಾ ಮಾಡಿಸಿದ್ದರೆ ಈ ಕೊಳವೆಯೇ ಬೇಕಿರಲಿಲ್ಲ.

ಜೂನ್ ೨

೧೦೩.

ಜೂನ್ ೩

ಇಳಿದಿಲ್ಲ. ಔಷಧ ಬದಲಿಸಿದರು.

ಜೂನ್ ೪

ಇಳಿದಿಲ್ಲ. ನನ್ನನ್ನು ನೋಡಿ ಅವ್ವ ಎಂದು ಕರೆದ. ಅವ್ವ ಹೋಗಿ ಒಂಬತ್ತು ವರ್ಷವಾಯಿತು. ಏನು ಎಂದೆ. ನೀರು ಎಂದ. ಅವನಿಗೆ ದಿನಕ್ಕೆ ಮುಕ್ಕಾಲು ಲೀಟರು ಮಾತ್ರ, ಅದು ಮುಗಿದಿತ್ತು. ಬಟ್ಟೆ ಒದ್ದೆ ಮಾಡಿ ತುಟಿಗೆ ಒತ್ತಿದೆ.

ಜೂನ್ ೭, ಶನಿವಾರ

ಜ್ವರ ಇಳಿಯಿತು.

ಅತ್ತಿಗೆ ಈ ಹದಿನೆಂಟು ದಿನವೂ ವಾರ್ಡಿನ ನೆಲದಲ್ಲೇ ಮಲಗಿದ್ದಾರೆ. ನಮ್ಮ ಮನೆ ಇಲ್ಲೇ ಗೋಪಾಳದಲ್ಲಿದೆ, ಸ್ನಾನ ಮಾಡಿ ಏನಾದರೂ ಅಡುಗೆ ಮಾಡಿಕೊಂಡು ಬನ್ನಿ ಎಂದು ಕೀ ಕೊಟ್ಟೆ. ಸ್ನಾನ ಮಾಡಿ ಬಂದರು. ಅಡುಗೆ ಮಾಡಲಿಲ್ಲ. ಕ್ಯಾಂಟೀನಿನಿಂದ ಇಡ್ಲಿ ತಂದಿದ್ದರು.

"ನನ್ನ ಕೈಯಿಂದ ಬೇಡ" ಎಂದರು.

ಜೂನ್ ೧೫, ಭಾನುವಾರ

ಅಣ್ಣ ಮನೆಗೆ ಬಂದು ನಾಲ್ಕು ದಿನವಾಯಿತು. ವಾರಕ್ಕೆ ಎರಡು ಸಲ ಶಿವಮೊಗ್ಗಕ್ಕೆ ಬಂದು ನಾಲ್ಕು ಗಂಟೆ ಯಂತ್ರಕ್ಕೆ ಮೈ ಕೊಟ್ಟು ಹೋಗಬೇಕು. ಕುತ್ತಿಗೆಯಲ್ಲಿ ಹೊಸ ಕೊಳವೆ.

ಮನೆಯಲ್ಲಿ ಒಲೆ ಹಚ್ಚಿರಲಿಲ್ಲ. ಎದುರುಮನೆಯ ವೀರಮ್ಮ ಅನ್ನ ಮಾಡಿ ಕಳಿಸುತ್ತಿದ್ದಾರಂತೆ. ಅಣ್ಣ ಮಜ್ಜಿಗೆಯಲ್ಲಿ ಕಲಸಿಕೊಂಡು ಉಣ್ಣುತ್ತಾನೆ. ಅತ್ತಿಗೆ ಅಡುಗೆಮನೆಯಲ್ಲಿ ಸುಮ್ಮನೆ ಕೂತಿದ್ದರು, ಪಾತ್ರೆಗಳೆಲ್ಲ ತೊಳೆದು ಬೋರಲು ಹಾಕಿದ್ದವು. ನಾನೂ ನೆಲದ ಮೇಲೆ ಕೂತೆ. ಬಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದ ಮಾತು ಒಂದೂ ನೆನಪಾಗಲಿಲ್ಲ.

"ತಪ್ಪು ನಿಮ್ಮದಲ್ಲ ಅತ್ತಿಗೆ. ಯಾಕೆ ಬಸೀಬೇಕು ಅಂತ ನೀವು ಕೇಳಿದ್ರಿ. ನಾನು ಹೇಳ್ಲಿಲ್ಲ. ನಾನೂ ಇಲ್ಲೇ ಕೂತು ಅದೇ ಸಾರು ಉಂಡೆ."

ಅವರು ಬೋರಲು ಹಾಕಿದ್ದ ಒಂದು ಲೋಟವನ್ನು ಪಕ್ಕಕ್ಕೆ ಸರಿಸಿದರು.

"ಅವತ್ತು ಮಾವ ಹೇಳ್ವಾಗ ನೀವು ಅಲ್ಲೇ ಇದ್ರಿ."

"ಇದ್ದೆ."

"ಕಿಟಕಿ ನೋಡ್ತಿದ್ರಿ."

"ಹೌದು."

ಹೊರಗೆ ಯಾರದೋ ಬೈಕು ನಿಂತಿತು, ಮತ್ತೆ ಹೋಯಿತು.

"ಈಗಾದ್ರೂ ಹೇಳಿ" ಎಂದರು. "ಯಾಕೆ ಬಸೀಬೇಕು?"

ಹೇಳಿದೆ. ತರಕಾರಿಯೊಳಗೆ ಪೊಟ್ಯಾಶಿಯಂ ಇರುತ್ತದೆ, ಬೇಯಿಸಿದರೆ ನೀರಿಗೆ ಬಿಟ್ಟುಕೊಳ್ಳುತ್ತದೆ. ಒಳ್ಳೆಯ ಕಿಡ್ನಿ ಅದನ್ನು ಹೊರಗೆ ಹಾಕುತ್ತದೆ. ಕೆಟ್ಟ ಕಿಡ್ನಿ ಹಾಕಲಾರದು, ರಕ್ತದಲ್ಲೇ ನಿಲ್ಲುತ್ತದೆ. ಜಾಸ್ತಿಯಾದರೆ ಮೊದಲು ಕಾಲಿನ ಬಲ ಹೋಗುತ್ತದೆ, ಆಮೇಲೆ ಹೃದಯದ ತಾಳ ತಪ್ಪುತ್ತದೆ.

"ಅಂದ್ರೆ ಉಪ್ಪಿನಕಾಯಿಗೆ ಹಾಕಿದ ಮಾವಿನಕಾಯಿ ನೀರು ಬಿಟ್ಟಂಗೆ. ಒಳಗಿದ್ದಿದ್ದು ಹೊರಗೆ ಬರುತ್ತೆ. ಆ ನೀರು ಇವ್ರಿಗೆ ಆಗಲ್ಲ. ಇಷ್ಟೇನಾ?"

"ಇಷ್ಟೇ."

"ಇದು ದೊಡ್ಡ ಕೆಮಿಸ್ಟ್ರಿ ಅಂದ್ರಲ್ಲ" ಎಂದರು. ಸಿಟ್ಟಿನಿಂದಲ್ಲ. ನಿಜವಾಗಿಯೂ ಕೇಳಿದ ಹಾಗಿತ್ತು.

ನಡುಮನೆಯಿಂದ ಅಣ್ಣನ ದನಿ ಬಂತು. ಎಲ್ಲ ಕೇಳಿಸಿಕೊಂಡಿದ್ದ. "ಎರಡು ಸಲ ಹಾಕಿಸ್ಕೊಂಡಿದ್ಲು ಕಣೇ ಅವಳು. ನನಗೆ ಒಂದೇ ಸಲ ಸಿಕ್ಕಿದ್ದು."

ಅತ್ತಿಗೆ ಎದ್ದು ಒಂದು ತಪ್ಪಲೆ ನೆಟ್ಟಗೆ ಮಾಡಿ ಒಲೆಯ ಮೇಲಿಟ್ಟರು. ಹುರುಳಿಕಾಯಿ ಬೇಯಿಸಿದರು. ಬಸಿದ ನೀರಿನ ಪಾತ್ರೆ ಎತ್ತಿಕೊಂಡು ಬಚ್ಚಲಿನ ತನಕ ಹೋಗಿ, ಒಂದು ಕ್ಷಣ ಹಾಗೇ ನಿಂತರು. ಆಮೇಲೆ ಚೆಲ್ಲಿದರು. ಹಸಿರು ಬಣ್ಣದ ಬಿಸಿ ನೀರು, ಹಬೆ ಆಡುತ್ತಾ ಹೋಯಿತು.

ಗಂಗಾಧರಪ್ಪ ಮಾವನಿಗೆ ಅಲ್ಲಿಂದಲೇ ಫೋನ್ ಮಾಡಿ, ತಪ್ಪು ಅತ್ತಿಗೆಯದಲ್ಲ, ನನ್ನದು ಎಂದೆ. ಅವರು ಬೇರೆ ಮಾತು ತೆಗೆದರು. ಮತ್ತೆ ಹೇಳಿದೆ.

ಜುಲೈ ೪, ಶುಕ್ರವಾರ

ಫಿಸ್ಟುಲಾ ಆಯಿತು. ಎಡಗೈ. ಒಂದೂವರೆ ಗಂಟೆ.

ಹೊರಗೆ ಬಂದ ಡಾಕ್ಟರನ್ನು ಕೇಳಿದೆ, ನಾವು ಏನೂ ಮಾಡದೆ ಇದ್ದಿದ್ದರೂ ಡಯಾಲಿಸಿಸ್ ಬರುತ್ತಿತ್ತಾ ಎಂದು.

"ಬರ್ತಿತ್ತು. ಯಾವಾಗ ಅಂತ ಹೇಳಕ್ಕಾಗಲ್ಲ."

"ಆ ಲೇಖನ..."

"ಮುಂದೆ ಒಂದಿನ ಅದರಿಂದ ಔಷಧ ಬರಬಹುದು ಮೇಡಂ." ಸ್ವಲ್ಪ ತಡೆದು, "ಇವರಿಗೆ ಈ ಕೈ ಕೆಲಸ ಮಾಡಬೇಕು. ಅದನ್ನ ನೋಡ್ಕೊಳ್ಳಿ" ಎಂದರು.

ಹೊಲಿದ ಜಾಗದ ಮೇಲೆ ಬೆರಳಿಟ್ಟರೆ ರಕ್ತ ನುಗ್ಗುವ ಕಂಪನ ತಿಳಿಯುತ್ತದೆ. ದಿನಾ ನೋಡಬೇಕು. ಕಂಪನ ಕಮ್ಮಿಯಾದರೆ, ನಿಂತರೆ, ಆ ಕ್ಷಣವೇ ಬರಬೇಕು, ರಜಾ ಎಂದು ನೋಡಬಾರದು. ನರ್ಸು ಅತ್ತಿಗೆಯ ಬೆರಳು ಹಿಡಿದು ತೋರಿಸಿಕೊಟ್ಟಳು. ಅಣ್ಣ ಕಣ್ಣು ಮುಚ್ಚಿಕೊಂಡೇ, "ಲೇತ್ ಆನ್ ಮಾಡಿ ಮೇಲೆ ಕೈ ಇಟ್ಟಂಗೆ ಅಲ್ವಾ?" ಎಂದ.

ಕುತ್ತಿಗೆಯ ಕೊಳವೆಗೆ ಇನ್ನೊಂದು ಸೋಂಕು ತಗುಲಿದರೆ ಅಣ್ಣ ತಡೆಯಲಾರ. ಈ ಕೈ ಕೈಕೊಟ್ಟರೆ ಬಲಗೈ. ಬಲಗೈಯೂ ಹೋದರೆ ಲೇತ್ ಮುಂದೆ ಅವನಿಗೆ ಏನೂ ಉಳಿಯುವುದಿಲ್ಲ.

ಜುಲೈ ೧೦

ಬೆಳಿಗ್ಗೆ ಏಳಕ್ಕೆ ಅತ್ತಿಗೆ ಫೋನ್ ಮಾಡುತ್ತಾರೆ. ಒಂದೇ ಮಾತು. "ಇದೆ." ನಾನು "ಸರಿ" ಎನ್ನುತ್ತೇನೆ.

ಜುಲೈ ೧೧

ಇದೆ.

ಜುಲೈ ೧೨

ಇದೆ. ಜೋರಾಗಿದೆ ಎಂದರು.

ಜುಲೈ ೧೭

ಇದೆ.

ಲ್ಯಾಬಿನ ಬೀರು ತೆಗೆದಾಗ ಆ ಹಾಳೆಗಳು ಸಿಕ್ಕವು. ಗೆರೆ ಎಳೆದ ವಾಕ್ಯ ಇಡಿಯಾಗಿ ಹೀಗಿದೆ: ಬ್ಯುಟಿರೇಟ್ ಹೆಚ್ಚಾದಾಗ ಇಲಿಗಳಲ್ಲಿ ಕಿಡ್ನಿಯ ಹಾನಿ ನಿಧಾನವಾಯಿತು. ಇಲಿಗಳಲ್ಲಿ ಎಂಬ ಪದದ ಕೆಳಗೆ ಮಾತ್ರ ಗೆರೆ ಇಲ್ಲ. ಪೆನ್ನು ಎತ್ತಿ, ಅದನ್ನು ದಾಟಿ, ಮತ್ತೆ ಇಟ್ಟಿದ್ದೇನೆ.

ಜುಲೈ ೨೭, ಭಾನುವಾರ

ಅಣ್ಣ ವರ್ಕ್‌ಶಾಪಿಗೆ ಹೋಗಿ ಸ್ಟೂಲಿನ ಮೇಲೆ ಕೂತಿದ್ದ. ಕರಿಯಣ್ಣ ಚಕ್ ಎತ್ತುವಾಗ ಇವನ ಎರಡೂ ಕೈ ತೊಡೆಯ ಮೇಲಿಂದ ಮೇಲಕ್ಕೆದ್ದವು. ಕರಿಯಣ್ಣ ನೋಡಿದ. "ನೀನು ಬರೀ ಬೈತಾ ಇರಪ್ಪ ಮುರುಗೇಶಣ್ಣ, ಎತ್ತೋದು ನಾನ್ ಎತ್ತೀನಿ" ಎಂದ. ಅಣ್ಣ ಕೈಗಳನ್ನು ಮತ್ತೆ ತೊಡೆಯ ಮೇಲಿಟ್ಟುಕೊಂಡ.

ರಾಗಿ, ಕಾಳು, ಸೊಪ್ಪು, ಏನನ್ನು ಎಷ್ಟು ಹೊತ್ತು ಬೇಯಿಸಬೇಕು ಎಂದು ಅತ್ತಿಗೆಯನ್ನು ಕೇಳಿ ಬರೆದುಕೊಂಡೆ. ಆ ಮೇಧಾ ವಾರಕ್ಕೊಮ್ಮೆ ಅವರ ಜೊತೆ ಫೋನಿನಲ್ಲಿ ಮಾತಾಡುತ್ತಾಳಂತೆ. ಪೊಟ್ಯಾಶಿಯಂ ಎಷ್ಟು ಬಂತು ಎಂದು ಕೇಳಲು ಮರೆತೆ.

ಆಗಸ್ಟ್ ೩, ಭಾನುವಾರ

ಏಳಾಯಿತು. ಏಳೂವರೆಯಾಯಿತು. ಫೋನು ಬರಲಿಲ್ಲ. ಕೈಯಲ್ಲೇ ಹಿಡಿದುಕೊಂಡಿದ್ದೆ, ಮಾಡಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಬಸ್‌ಸ್ಟ್ಯಾಂಡಿಗೆ ನಡೆದೆ. ಬಸ್ಸಿನಲ್ಲಿ ಏನು ಯೋಚಿಸಿದೆ ಎಂದು ನೆನಪಿಲ್ಲ.

ಬಾಗಿಲು ತೆರೆದೇ ಇತ್ತು. ಅಣ್ಣ ಮಂಚದ ಮೇಲೆ ಕೂತಿದ್ದ. ಅವನ ಎಡಗೈ ಅತ್ತಿಗೆಯ ತೊಡೆಯ ಮೇಲಿತ್ತು. ಅತ್ತಿಗೆ ಕಣ್ಣು ಮುಚ್ಚಿಕೊಂಡು, ಬೆರಳಿಟ್ಟು, ಏನನ್ನೋ ಕೇಳಿಸಿಕೊಳ್ಳುವವರ ಹಾಗೆ ತಲೆ ಬಾಗಿಸಿದ್ದರು. ನಾನು ಬಂದದ್ದು ಗೊತ್ತಾದರೂ ಕಣ್ಣು ತೆರೆಯಲಿಲ್ಲ.

"ಇದೆ ಅನ್ನಕ್ಕೂ ಆಗ್ತಿಲ್ಲ, ಇಲ್ಲ ಅನ್ನಕ್ಕೂ ಆಗ್ತಿಲ್ಲ" ಎಂದರು. "ಅದಕ್ಕೇ ಫೋನ್ ಮಾಡ್ಲಿಲ್ಲ."

"ನೀನೂ ನೋಡು ದಾಕ್ಷಿ" ಎಂದ ಅಣ್ಣ.

ಪಕ್ಕದಲ್ಲಿ ಕೂತು ಗಾಯದ ಗೆರೆಯ ಮೇಲೆ ಎರಡು ಬೆರಳಿಟ್ಟೆ. ಏನೂ ತಿಳಿಯಲಿಲ್ಲ. ಗಟ್ಟಿಯಾಗಿ ಒತ್ತಿದೆ. ಡಬ್ ಡಬ್ ಎನ್ನುತ್ತಿತ್ತು, ಆದರೆ ಅದು ನನ್ನ ಬೆರಳಿನ ನಾಡಿಯೇ.

"ಒತ್ತಬೇಡ. ಹಗೂರ. ಅಲ್ಲಲ್ಲ, ಇಲ್ಲಿ ಇಡು." ಅತ್ತಿಗೆ ನನ್ನ ಬೆರಳುಗಳನ್ನು ಹಿಡಿದು ಅರ್ಧ ಅಂಗುಲ ಮೇ‌ಲಕ್ಕೆ ಸರಿಸಿದರು. "ಈಗ ಸುಮ್ನೆ ಇರು. ಕಾಯಿ."

ಕಾದೆ. ಎಷ್ಟು ಹೊತ್ತೋ. ಬಹಳ ಕೆಳಗೆಲ್ಲೋ, ದೂರದ ಬೀದಿಯಲ್ಲಿ ಲಾರಿ ಹೋದರೆ ಕಿಟಕಿಯ ಗಾಜಿಗೆ ತಿಳಿಯುತ್ತದಲ್ಲ, ಅಷ್ಟು.

"ಸಿಕ್ತು" ಎಂದೆ.

"ನಿನ್ನೆಗಿಂತ ಕಮ್ಮಿ ಇದೆ" ಎಂದರು ಅತ್ತಿಗೆ. "ಆಸ್ಪತ್ರೆಗೆ ಹೇಳಿದೀನಿ. ಬನ್ನಿ ಅಂದ್ರು. ಕರಿಯಣ್ಣ ಕಾರು ತರಕ್ಕೆ ಹೋಗಿದಾನೆ."

ಅಣ್ಣ ಗೋಡೆ ನೋಡುತ್ತಿದ್ದ. "ಓಡುತ್ತಾ ಇದು?" ಎಂದು ಕೇಳಿದ. ಯಾರನ್ನು ಕೇಳಿದನೋ.

"ಗೊತ್ತಿಲ್ಲ ಅಣ್ಣ" ಎಂದೆ.

ಕಾರು ಬರುವುದು ತಡವಾಯಿತು. ಅತ್ತಿಗೆಯ ಬೆರಳು ಸೋತಾಗ ನಾನು ಇಡುತ್ತಿದ್ದೆ, ನನ್ನದು ಸೋತಾಗ ಅವರು. ಬೆರಳು ಬದಲಿಸುವಾಗ ಪ್ರತಿ ಸಲವೂ ಒಂದು ಕ್ಷಣ ಏನೂ ಸಿಗುತ್ತಿರಲಿಲ್ಲ.